ಕಾಫಿಗೆ ಮೊದಲೋ, ತಿಂಡಿ ಆದ ಮೇಲೋ? ಮುಟ್ಟು ನಿಲ್ಲುವ ಕಾಲದ ಕೀಲುನೋವು: ಅಧ್ಯಯನ ಟಿಪ್ಪಣಿ

ತೀರ್ಥಹಳ್ಳಿ ಕಡೆ ಸಮುದಾಯ ಆರೋಗ್ಯ ಪೋಸ್ಟಿಂಗಿಗೆ ಹೋಗಿಬಂದ ನಮ್ಮ ನರ್ಸಿಂಗ್ ಬ್ಯಾಚಿನವರಿಗೆಲ್ಲ ಇದು ಗೊತ್ತಿರುತ್ತದೆ. ಬಿ.ಪಿ. ನೋಡಿಸಿಕೊಳ್ಳಲು ಬಂದ ಹೆಂಗಸು, ವಯಸ್ಸು ನಲವತ್ತೈದರ ಆಸುಪಾಸು. ಚೀಟಿ ತಗೊಂಡು ಎದ್ದವರು ಬಾಗಿಲಲ್ಲಿ ನಿಂತು ತಿರುಗುತ್ತಾರೆ. "ಬೆಳಿಗ್ಗೆ ಎದ್ರೆ ಕೈ ಮಡ್ಸಕ್ಕೇ ಆಗಲ್ಲ ಸಿಸ್ಟರ್, ಮಂಡಿನೂ ಹಿಡ್ಕಂತದೆ. ಅದಕ್ಕೇನಾದ್ರೂ ಮಾತ್ರೆ ಇದ್ರೆ ಕೊಡಿ." ನಾವು ಕ್ಯಾಲ್ಸಿಯಂ ಕೊಟ್ಟು ಕಳಿಸುತ್ತೇವೆ. ನಾನೂ ಎಷ್ಟೋ ಸಲ ಹಾಗೇ ಕಳಿಸಿದ್ದೇನೆ.

ಓದುವ ಕ್ರಮದ ತಪ್ಪೂ ಇದರಲ್ಲಿದೆ. ಋತುಬಂಧದ ಪಾಠ ಸ್ತ್ರೀರೋಗದ ಭಾಗದಲ್ಲಿ, ಕೀಲುನೋವು ಮೂಳೆ ವಿಭಾಗದಲ್ಲಿ. ಮೊದಲನೆಯದರಲ್ಲಿ ಮೈ ಬಿಸಿಯೇರುವುದು, ಬೆವರು, ನಿದ್ದೆಗೇಡು ಎಲ್ಲ ವಿವರವಾಗಿದೆ, ಕೀಲಿನ ಮಾತು ಒಂದು ಸಾಲಿನಲ್ಲಿ ಮುಗಿಯುತ್ತದೆ. ಎರಡನೆಯದರಲ್ಲಿ ಮುಟ್ಟಿನ ಸುದ್ದಿಯೇ ಇಲ್ಲ. ಎರಡನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದ್ದನ್ನು ಇಲ್ಲಿ ಬರೆದಿದ್ದೇನೆ. ಉದಾಹರಣೆಗೆ ನಮ್ಮ ಚಿಕ್ಕಮ್ಮನನ್ನೇ ತೆಗೆದುಕೊಂಡಿದ್ದೇನೆ. ಬರೆಯಲು ಒಪ್ಪಿದ್ದಾರೆ, "ಹೆಸರೊಂದು ಹಾಕ್ಬೇಡ ಮಾರಾಯ್ತಿ" ಅಂದಿದ್ದಾರೆ.

ಯಾವಾಗಿನಿಂದ ಯಾವಾಗಿನವರೆಗೆ

ಹನ್ನೆರಡು ತಿಂಗಳು ಒಂದೇ ಸಮ ಮುಟ್ಟಾಗದಿದ್ದರೆ ಋತುಬಂಧ ಎನ್ನುತ್ತೇವೆ. ಅಂದರೆ ಕೊನೆಯ ಮುಟ್ಟು ಯಾವುದೆಂದು ಒಂದು ವರ್ಷ ಕಳೆದ ಮೇಲಷ್ಟೇ ಗೊತ್ತಾಗುವುದು. ನಮ್ಮ ದೇಶದಲ್ಲಿ ಅದರ ಸರಾಸರಿ ವಯಸ್ಸು 46-47ರ ಹತ್ತಿರ. ಪಾಶ್ಚಾತ್ಯ ದೇಶಗಳಲ್ಲಿ 51ರ ಆಸುಪಾಸು. ಇಂಗ್ಲಿಷ್ ಪುಸ್ತಕದ 51 ತಲೆಯಲ್ಲಿಟ್ಟುಕೊಂಡು ಹಳ್ಳಿಗೆ ಹೋದರೆ, ನಲವತ್ತಮೂರರ ಹೆಂಗಸನ್ನು ನೋಡಿ 'ಇವರಿಗೆ ಇನ್ನೂ ಆ ವಯಸ್ಸಾಗಿಲ್ಲ' ಎಂದು ದಾಟಿಹೋಗುತ್ತೇವೆ.

ಪೆರಿಮೆನೋಪಾಸ್ ಎಂದರೆ ಇದಕ್ಕೆ ಮುಂಚಿನ ಏರುಪೇರಿನ ಕಾಲ, ಜೊತೆಗೆ ಕೊನೆಯ ಮುಟ್ಟಿನ ನಂತರದ ಒಂದು ವರ್ಷ. ಮುಟ್ಟಿನ ಅಂತರದಲ್ಲಿ 7 ದಿನ ಅಥವಾ ಹೆಚ್ಚಿನ ವ್ಯತ್ಯಾಸ ಮತ್ತೆ ಮತ್ತೆ ಕಂಡರೆ ಮೊದಲ ಹಂತ. 60 ದಿನ ಅಥವಾ ಅದಕ್ಕೂ ಹೆಚ್ಚು ಕಾಲ ಮುಟ್ಟಾಗದೆ ಹೋದರೆ ಎರಡನೆಯದು, ಅದು ಸಾಮಾನ್ಯವಾಗಿ 1ರಿಂದ 3 ವರ್ಷ. ಅಂಡಾಶಯವನ್ನು ಪ್ರಚೋದಿಸುವ ಹಾರ್ಮೋನನ್ನು ಅಳೆಯುವ ಎಫ್‌ಎಸ್‌ಎಚ್ ರಕ್ತಪರೀಕ್ಷೆ ಇಲ್ಲಿ ಅಷ್ಟು ಉಪಯೋಗಕ್ಕೆ ಬರುವುದಿಲ್ಲ. ಈ ಕಾಲದಲ್ಲಿ ಹಾರ್ಮೋನು ನಿಧಾನಕ್ಕೆ ಇಳಿಯುವುದಲ್ಲ, ಏರಿ ಇಳಿದು ಕುಣಿಯುತ್ತದೆ. ಇವತ್ತಿನ ಅಂಕಿ ಮುಂದಿನ ತಿಂಗಳಿಗೆ ಹೊಂದುವುದಿಲ್ಲ. 45 ದಾಟಿದವರಲ್ಲಿ ವಯಸ್ಸು, ಮುಟ್ಟಿನ ಲೆಕ್ಕ, ಲಕ್ಷಣ ಇಷ್ಟೇ ಸಾಕು. ಗರ್ಭಕೋಶ ತೆಗೆಸಿಕೊಂಡವರಿಗೆ ಮುಟ್ಟಿನ ಲೆಕ್ಕವೇ ಇರುವುದಿಲ್ಲ. ಹಳ್ಳಿಯಲ್ಲಿ ಅಂಥವರು ಕಡಿಮೆಯೇನಿಲ್ಲ. ಅಂಡಾಶಯ ಉಳಿಸಿದ್ದಾರೋ ಅದನ್ನೂ ತೆಗೆದಿದ್ದಾರೋ ಎಂದು ಹಳೆಯ ಡಿಸ್ಚಾರ್ಜ್ ಚೀಟಿ ತರಿಸಿಯೇ ನೋಡಬೇಕು.

ಕೀಲಿಗೂ ಮುಟ್ಟಿಗೂ ಏನು ಸಂಬಂಧ?

ಚಿಕ್ಕಮ್ಮ ಕೇಳಿದ ಪ್ರಶ್ನೆಯೇ ಇದು. "ಅದು ಎಲ್ಲಿ, ಇದು ಎಲ್ಲಿ!"

ಈಸ್ಟ್ರೋಜನ್ ಬರೀ ಗರ್ಭಕೋಶದ ಹಾರ್ಮೋನು ಎಂದು ನಾವು ಅಂದುಕೊಂಡಿರುತ್ತೇವೆ. ಅದನ್ನು ಹಿಡಿದುಕೊಳ್ಳುವ ಗ್ರಾಹಕಗಳು ಮೂಳೆಯಲ್ಲಿವೆ, ಮೂಳೆತುದಿಯ ಮೆತ್ತನೆ ಹೊದಿಕೆಯಾದ ಮೃದ್ವಸ್ಥಿಯಲ್ಲಿವೆ, ಕೀಲಿನ ಒಳಪದರದಲ್ಲಿ, ಸ್ನಾಯುವಿನಲ್ಲಿ, ಅದನ್ನು ಮೂಳೆಗೆ ಕಟ್ಟುವ ಸ್ನಾಯುರಜ್ಜುವಿನಲ್ಲೂ ಇವೆ. ಉರಿಯೂತ ಹುಟ್ಟಿಸುವ ಐಎಲ್-6, ಟಿಎನ್‌ಎಫ್ ಆಲ್ಫಾದಂಥ ವಸ್ತುಗಳನ್ನು ಈಸ್ಟ್ರೋಜನ್ ಒಂದು ಮಟ್ಟಕ್ಕೆ ಹದ್ದುಬಸ್ತಿನಲ್ಲಿಡುತ್ತದೆ. ಅದು ಏರುಪೇರಾದಾಗ ಕೀಲಿನೊಳಗೆ ಆ ಹಿಡಿತ ಸಡಿಲವಾಗುತ್ತದೆ. ಮೇಲಿಂದ ಸ್ನಾಯು ಕರಗುತ್ತ ಬರುತ್ತದೆ. ಮೂಳೆ ಸವೆತವೂ ಕೊನೆಯ ಮುಟ್ಟಿಗೆ ಒಂದು ವರ್ಷ ಮೊದಲಿಂದ ಆಮೇಲಿನ ಎರಡು ವರ್ಷದ ತನಕ ವೇಗ ಹಿಡಿಯುತ್ತದೆ. ರಾತ್ರಿ ಬೆವರಿ ಎಚ್ಚರವಾಗುವವರಿಗೆ ನಿದ್ದೆ ಕೆಡುತ್ತದೆ. ನಿದ್ದೆಗೆಟ್ಟ ಮೈಗೆ ಅದೇ ನೋವು ಹೆಚ್ಚಾಗಿ ತೋರುತ್ತದೆ.

ಇದೆಲ್ಲ ಊಹೆಯಲ್ಲ ಎನ್ನಲು ನನಗೆ ಹೆಚ್ಚು ಮನದಟ್ಟಾದ ಸಾಕ್ಷಿ ಬೇರೊಂದು ವಾರ್ಡಿನದು. ಸ್ತನ ಕ್ಯಾನ್ಸರಿಗೆ ಕೊಡುವ ಲೆಟ್ರೊಜೋಲ್, ಅನಾಸ್ಟ್ರೊಜೋಲ್ ಮಾತ್ರೆಗಳು ದೇಹದ ಈಸ್ಟ್ರೋಜನ್ನನ್ನು ಬಹುಪಾಲು ಇಳಿಸಿಬಿಡುತ್ತವೆ. ಅವನ್ನು ತೆಗೆದುಕೊಳ್ಳುವವರಲ್ಲಿ ಸುಮಾರು ಅರ್ಧದಷ್ಟು ಮಂದಿ ಕೈಬೆರಳು, ಮಂಡಿ ಹಿಡಿಯುತ್ತದೆ ಎನ್ನುತ್ತಾರೆ. ಹಾರ್ಮೋನು ಇಳಿಸಿದರೆ ಕೀಲು ನೋಯುತ್ತದೆ ಎಂದು ಅದಕ್ಕಿಂತ ನೇರವಾಗಿ ಯಾರು ತೋರಿಸಬೇಕು?

ವಿಷಯವೂ ಹೊಸದಲ್ಲ. 1925ರಲ್ಲೇ ಅಮೆರಿಕದ ಸೆಸಿಲ್ ಮತ್ತು ಆರ್ಚರ್ ಎಂಬ ವೈದ್ಯರು ಋತುಬಂಧದ ಕೀಲುಬೇನೆಯ ಐವತ್ತು ಪ್ರಕರಣಗಳನ್ನು ವರದಿ ಮಾಡಿದ್ದರು. 'ಋತುಬಂಧದ ಸ್ನಾಯು-ಅಸ್ಥಿ ಲಕ್ಷಣಕೂಟ' ಎಂಬ ಹೆಸರು ಪ್ರಸ್ತಾಪವಾದದ್ದು 2024ರಲ್ಲಿ. ನಡುವೆ ನೂರು ವರ್ಷ ಹೆಂಗಸರು ಕೇಳಿದ್ದು "ವಯಸ್ಸಾಯ್ತಲ್ಲ, ವಾತ" ಅಂತ.

ನಾನು ಮಾಡಿದ ತಪ್ಪು

ಇಷ್ಟು ಓದಿಕೊಂಡ ಮೇಲೆ ಎಲ್ಲ ಕೀಲುನೋವೂ ನನಗೆ ಪೆರಿಮೆನೋಪಾಸ್ ಆಗಿ ಕಾಣತೊಡಗಿತು. ಹೊಸನಗರ ಕಡೆಯ ಒಬ್ಬರು, 44 ವರ್ಷ, ಮುಟ್ಟು ಹಿಂದೆಮುಂದೆ, ಎರಡೂ ಕೈ ನೋವು. ನಾನು ಕೇಸ್ ಶೀಟಿನಲ್ಲಿ ಧೈರ್ಯವಾಗಿ ಬರೆದೂಬಿಟ್ಟೆ. ನಮ್ಮ ಮೇಡಂ ಆಕೆಯ ಕೈ ಹಿಡಿದು ಬೆರಳ ಬುಡದ ಗಂಟುಗಳನ್ನು ಮೆಲ್ಲಗೆ ಒತ್ತಿದರು. ಆಕೆ ಹಾಯ್ ಎಂದು ಕೈ ಎಳೆದುಕೊಂಡರು. "ಬೆಳಿಗ್ಗೆ ಕೈ ಎಷ್ಟೊತ್ತಿಗೆ ಬಿಡ್ತದಮ್ಮ?" ಎಂದು ಕೇಳಿದರೆ, "ಮಧ್ಯಾಹ್ನದ ಅನ್ನಕ್ಕೆ ಇಡೋ ಹೊತ್ತಿಗೆ" ಅಂದರು. ಅದು ರುಮಟಾಯ್ಡ್ ಆರ್ಥ್ರೈಟಿಸ್ ಆಗಿತ್ತು, ಅಂದರೆ ದೇಹದ ರಕ್ಷಣಾ ವ್ಯವಸ್ಥೆಯೇ ಕೀಲುಗಳ ಮೇಲೆ ಬಿದ್ದು ಉರಿಯೂತ ತರುವ ಕಾಯಿಲೆ. ನಾನು ಆ ಪ್ರಶ್ನೆಯನ್ನೇ ಕೇಳಿರಲಿಲ್ಲ. ಕೇಳಿದ್ದೆ ಎನ್ನಿ, "ಎಷ್ಟು ನಿಮಿಷ ಬಿಗಿತ ಇರುತ್ತೆ?" ಅಂತ. ಅದಕ್ಕವರು "ಸ್ವಲ್ಪ ಹೊತ್ತು" ಅಂದಿದ್ದರು.

ನಿಮಿಷದಲ್ಲಿ ಕೇಳಿದರೆ ಉತ್ತರ ಬರುವುದಿಲ್ಲ. ಕೆಲಸದಲ್ಲಿ ಕೇಳಬೇಕು. ಒಲೆ ಹಚ್ಚಿ ಕಾಫಿ ಕುಡಿಯುವಷ್ಟರಲ್ಲಿ ಕೈ ಸಡಿಲವಾದರೆ ಅರ್ಧ ಗಂಟೆಯೊಳಗೆ. ಕೀಲು ಸವೆತದ (ಆಸ್ಟಿಯೋಆರ್ಥ್ರೈಟಿಸ್) ನೋವು, ಹಾರ್ಮೋನಿನ ಏರುಪೇರಿನ ನೋವು ಸಾಮಾನ್ಯವಾಗಿ ಈ ಲೆಕ್ಕಕ್ಕೆ ಬರುತ್ತವೆ. ಕೊಟ್ಟಿಗೆ ಕೆಲಸ ಮುಗಿದು, ಎಲ್ಲರಿಗೂ ತಿಂಡಿಯಾದ ಮೇಲೂ ಮುಷ್ಟಿ ಕಟ್ಟಲು ಬರದಿದ್ದರೆ ಒಂದು ಗಂಟೆ ದಾಟಿತು ಎಂದೇ ಲೆಕ್ಕ. ಅವರನ್ನು ಬರೀ ಸಮಾಧಾನ ಹೇಳಿ ಕಳಿಸುವಂತಿಲ್ಲ. ನನ್ನ ಮಟ್ಟಿಗೆ ಇಡೀ ಪಾಠದಲ್ಲಿ ಪರೀಕ್ಷೆಗಲ್ಲದೆ ಜೀವನಕ್ಕೆ ಬೇಕಾದ ಸಾಲು ಇದೇ.

ಆಮೇಲೆ ಕೈ ನೋಡಿ. ಉಗುರಿನ ಪಕ್ಕದ ಗಂಟು ಗಡುಸಾಗಿ ಉಬ್ಬಿದ್ದರೆ, ಹೆಬ್ಬೆರಳ ಬುಡ ನೋಯುತ್ತಿದ್ದರೆ ಸವೆತದ ಕಡೆಗೆ ಯೋಚಿಸಿ. ಮಣಿಕಟ್ಟು, ಬೆರಳ ಬುಡ, ನಡುಗಂಟು ಎರಡೂ ಕೈಯಲ್ಲಿ ಮೆತ್ತಗೆ ಊದಿ ಬಿಸಿಯಾಗಿದ್ದರೆ ರುಮಟಾಯ್ಡ್. ಉಗುರಿನ ಪಕ್ಕದ ಗಂಟನ್ನು ಅದು ಸಾಮಾನ್ಯವಾಗಿ ಮುಟ್ಟುವುದಿಲ್ಲ. ಇಎಸ್‌ಆರ್, ಸಿಆರ್‌ಪಿ, ಆರ್‌ಎ ಫ್ಯಾಕ್ಟರ್, ಆ್ಯಂಟಿ-ಸಿಸಿಪಿ ಎಂಬ, ಉರಿಯೂತವನ್ನೂ ರುಮಟಾಯ್ಡನ್ನೂ ಪತ್ತೆಹಚ್ಚುವ ರಕ್ತಪರೀಕ್ಷೆ ಮಾಡಿಸಲು ವೈದ್ಯರಿಗೆ ಕಳಿಸಿ. ಜೊತೆಗೆ ಥೈರಾಯ್ಡ್ ಪರೀಕ್ಷೆ ಟಿಎಸ್‌ಎಚ್ ಕೂಡ; ಥೈರಾಯ್ಡ್ ಕುಂದಿದರೂ ಮೈಕೈ ಹೀಗೇ ಹಿಡಿಯುತ್ತದೆ, ಮುಟ್ಟೂ ಏರುಪೇರಾಗುತ್ತದೆ. ಸಕ್ಕರೆ ಕಾಯಿಲೆ ಇರುವವರು ತಲೆ ಬಾಚಲು, ರವಿಕೆ ಹುಕ್ಕು ಹಾಕಲು ಕೈ ಎತ್ತಲಾರೆ ಎಂದರೆ ಫ್ರೋಜನ್ ಶೋಲ್ಡರ್ (ಭುಜದ ಕೀಲು ಬಿಗಿದುಕೊಳ್ಳುವುದು) ನೆನಪಿರಲಿ. ಅದು 40ರಿಂದ 60ರೊಳಗಿನ ಹೆಂಗಸರಲ್ಲೇ ಜಾಸ್ತಿ. ಮಗ್ಗುಲಾದರೆ ಸೊಂಟದ ಹೊರಬದಿ ನೋವು ಎನ್ನುವವರಿಗೆ ಹೆಚ್ಚಾಗಿ ತೊಂದರೆ ಇರುವುದು ಕೀಲಿನಲ್ಲಲ್ಲ, ಅಲ್ಲಿನ ಸ್ನಾಯುರಜ್ಜುವಿನಲ್ಲಿ.

ನಮ್ಮ ಸೀಮೆಗೇ ಸೇರಿದ ಎರಡು ಮಾತು. ಜ್ವರ ಬಂದು ಹೋದ ಮೇಲೆ ಶುರುವಾದ ನೋವೇ ಎಂದು ಕೇಳಿ. ಚಿಕುನ್‌ಗುನ್ಯಾ ಆದವರಿಗೆ ತಿಂಗಳುಗಟ್ಟಲೆ ಗಂಟು ಹಿಡಿಯುವುದುಂಟು. ಇನ್ನೊಂದು, ಸಾಗರ ತಾಲ್ಲೂಕಿನ ಹಂದಿಗೋಡು. ಆ ಊರಿನ ಹೆಸರೇ ಒಂದು ಕೀಲುರೋಗಕ್ಕೆ ಬಂದದ್ದು 1970ರ ದಶಕದ ನಡುವಿನಲ್ಲಿ. ಅದು ವಂಶದಲ್ಲಿ ಹರಿಯುವ ಕಾಯಿಲೆ, ಸೊಂಟ-ಮಂಡಿಗಳನ್ನು ಹಿಡಿಯುತ್ತದೆ, ಮುಟ್ಟು ನಿಲ್ಲುವುದಕ್ಕೆ ಕಾಯುವುದಿಲ್ಲ. ಮನೆಯಲ್ಲಿ ಗಂಡಸರು, ಎಳೆಯರು ಕೂಡ ಸೊಂಟ ಹಿಡಿದು ನಡೆಯುತ್ತಿದ್ದರೆ ಮುಟ್ಟಿನ ಲೆಕ್ಕ ಬದಿಗಿಟ್ಟು ಮನೆತನದ ಇತಿಹಾಸ ಬರೆದುಕೊಳ್ಳಿ.

ಚಿಕ್ಕಮ್ಮನ ವಿಷಯ

ಚಿಕ್ಕಮ್ಮನಿಗೆ 47. ಮುಟ್ಟು ಎರಡು ತಿಂಗಳಿಗೊಮ್ಮೆ, ಮೂರು ತಿಂಗಳಿಗೊಮ್ಮೆ. ಬೆಳಿಗ್ಗೆ ಕೈ ಕಾಫಿಯಾಗುವುದರೊಳಗೆ ಸಡಿಲವಾಗುತ್ತದೆ. ರಕ್ತಪರೀಕ್ಷೆಯಲ್ಲಿ ವಿಟಮಿನ್ ಡಿ ಕಡಿಮೆ, ಉಳಿದದ್ದೆಲ್ಲ ಸರಿ. ಇಷ್ಟಾದ ಮೇಲೆಯೇ 'ಪೆರಿಮೆನೋಪಾಸಿನ ಕೀಲುನೋವು' ಎಂದು ವೈದ್ಯರು ಬರೆದದ್ದು.

ವ್ಯಾಯಾಮ ಅಂದಾಗ ಅವರು ನಕ್ಕರು. "ತೋಟ ಹತ್ತಿ ಇಳಿಯೋದು, ಹುಲ್ಲು ಹೊರೋದು, ಇದಕ್ಕಿಂತ ವ್ಯಾಯಾಮ ಬೇಕಾ?" ನ್ಯಾಯವಾದ ಪ್ರಶ್ನೆಯೇ. ವಿಶ್ವ ಆರೋಗ್ಯ ಸಂಸ್ಥೆಯ 2020ರ ಸೂಚನೆಯಲ್ಲಿರುವ ವಾರಕ್ಕೆ 150ರಿಂದ 300 ನಿಮಿಷದ ಚಟುವಟಿಕೆ ಮಲೆನಾಡಿನ ಹೆಂಗಸಿಗೆ ಎರಡೇ ದಿನದಲ್ಲಿ ಆಗಿಹೋಗುತ್ತದೆ. ಆದರೆ ಅದೇ ಸೂಚನೆಯಲ್ಲಿ, ವಾರಕ್ಕೆ ಎರಡು ದಿನವಾದರೂ ಸ್ನಾಯು ಗಟ್ಟಿ ಮಾಡುವ ವ್ಯಾಯಾಮ ಬೇಕು ಎಂದೂ ಇದೆ. ಮನೆಗೆಲಸದಲ್ಲಿ ಒಂದೇ ಕೀಲು ಸಾವಿರ ಸಲ ತಿರುಗುತ್ತದೆ, ತೊಡೆಯ ಮುಂಬದಿಯ ಸ್ನಾಯುವಿಗೆ ದಿನದಿಂದ ದಿನಕ್ಕೆ ಏರುವ ಭಾರ ಬೀಳುವುದಿಲ್ಲ. ಮಂಡಿಯನ್ನು ಕಾಯುವುದು ಆ ಸ್ನಾಯು. ಹಾಗಾಗಿ ಜಗಲಿಯ ಅಂಚಿಗೆ ಕೂತು ಒಂದೊಂದೇ ಕಾಲು ನೇರ ಚಾಚಿ ಐದು ಎಣಿಸುವುದು, ಹತ್ತು ಸಲ. ಕೈ ಊರದೆ ಬೆಂಚಿನಿಂದ ಎದ್ದು ಕೂರುವುದು, ಹತ್ತು ಸಲ. ಸಲೀಸಾದ ಮೇಲೆ ಕಾಲಿಗೆ ಅರ್ಧ ಕಿಲೋ ಮರಳಿನ ಚೀಲ. ಮೊದಲ ವಾರ ನೋವು ತುಸು ಏರಬಹುದು. ಮಾರನೆ ದಿನಕ್ಕೆ ಇಳಿದರೆ ಮುಂದುವರಿಸಬಹುದು.

ತೂಕದ ಲೆಕ್ಕ ನೆನಪಿಟ್ಟುಕೊಳ್ಳಲು ಸುಲಭ: 1 ಕಿಲೋ ಇಳಿದರೆ ಪ್ರತಿ ಹೆಜ್ಜೆಗೆ ಮಂಡಿಯ ಮೇಲೆ ಸುಮಾರು 4 ಕಿಲೋ ಹೊರೆ ಕಡಿಮೆ.

ಊಟದ ಮಾತು ಬಂದಾಗ ನಾವು ರಾಗಿ ರಾಗಿ ಎನ್ನುತ್ತೇವೆ. 100 ಗ್ರಾಂ ರಾಗಿಯಲ್ಲಿ ಸುಮಾರು 364 ಮಿ.ಗ್ರಾಂ ಕ್ಯಾಲ್ಸಿಯಂ, ಪಾಲಿಶ್ ಮಾಡಿದ ಅಕ್ಕಿಯಲ್ಲಿ 10 ಕೂಡ ಇಲ್ಲ, ನಿಜ. ಆದರೆ ಕಡುಬು, ಅಕ್ಕಿರೊಟ್ಟಿ ತಿನ್ನುವ ಮನೆಗೆ ಹೋಗಿ ಮುದ್ದೆ ಮಾಡಿ ಎಂದರೆ ಯಾರು ಕೇಳುತ್ತಾರೆ? ಬೆಳಿಗ್ಗೆ ರಾಗಿ ಅಂಬಲಿ ಒಂದು ಲೋಟ, ಎರಡು ಹೊತ್ತು ಮಜ್ಜಿಗೆ, ಚಟ್ನಿಗೆ ಎಳ್ಳು, ಹಿತ್ತಲ ನುಗ್ಗೆಸೊಪ್ಪು ಎಂದರೆ ಕೇಳುತ್ತಾರೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2020ರ ಶಿಫಾರಸು ದಿನಕ್ಕೆ 1,000 ಮಿ.ಗ್ರಾಂ ಕ್ಯಾಲ್ಸಿಯಂ, ಋತುಬಂಧದ ನಂತರ 1,200. ಕ್ಯಾಲ್ಸಿಯಂ ಮೂಳೆಗೆ ಬೇಕು, ಕೀಲುನೋವಿಗೆ ಅದು ಔಷಧಿಯಲ್ಲ. ಬಾಗಿಲಲ್ಲಿ ನಿಂತವರಿಗೆ ಆ ಮಾತ್ರೆ ಕೊಟ್ಟು ಕೈತೊಳೆದುಕೊಳ್ಳಬಾರದು ಎನ್ನುವುದು ಅದಕ್ಕೇ.

ಮಳೆಗಾಲದಲ್ಲಿ ನೋವು ಜಾಸ್ತಿ ಎಂದು ಎಲ್ಲರೂ ಹೇಳುತ್ತಾರೆ. ಹವೆಗೂ ಕೀಲುನೋವಿಗೂ ನಂಟು ಹುಡುಕಿದ ಅಧ್ಯಯನಗಳು ಒಂದೊಂದು ಒಂದೊಂದು ಹೇಳುತ್ತವೆ. ಆದರೆ ಆಗುಂಬೆ ಸೀಮೆಯ ಜೂನ್-ಆಗಸ್ಟ್ ಅಂದರೆ ಬಿಸಿಲಿಲ್ಲ, ನಡೆದಾಟ ಕಡಿಮೆ, ಒದ್ದೆ ಚಳಿ. ವಿಟಮಿನ್ ಡಿ ಕಡಿಮೆಯಾಗಲು, ಕೀಲು ಬಿಗಿಯಾಗಲು ಅಷ್ಟು ಸಾಕಲ್ಲ. ಹಂಡೆ ನೀರಿಗೆ ಲಕ್ಕಿಸೊಪ್ಪು ಹಾಕಿ ಸ್ನಾನ ಮಾಡುವ ರೂಢಿಯನ್ನು ಬಿಡಿಸಲು ಹೋಗಬೇಡಿ. ಶಾಖದಿಂದ ಬಿಗಿತ ಇಳಿಯುತ್ತದೆ. ಚಿಕ್ಕಮ್ಮನಿಗೆ ಬಚ್ಚಲಲ್ಲಿ ಮೈಯೆಲ್ಲ ಬಿಸಿಯೇರಿ ಉಸಿರು ಕಟ್ಟಿದ ಹಾಗಾಗುತ್ತಿತ್ತು; ಅಂಥವರು ಕೈಕಾಲಷ್ಟನ್ನೇ ಬಿಸಿನೀರಲ್ಲಿ ಇಟ್ಟರಾಯಿತು.

ಮಾತ್ರೆಗಳು. ಒಂದೆರಡು ಕೀಲಿನ ನೋವಿಗೆ ಮೊದಲು ಡೈಕ್ಲೋಫೆನಾಕ್ ಜೆಲ್. ಅದೇ ಔಷಧಿಯ ಮಾತ್ರೆಯನ್ನು ಅಂಗಡಿಯಿಂದ ತಂದು ದಿನಾ ನುಂಗಿದರೆ ಹೊಟ್ಟೆ ಹುಣ್ಣು, ಕಿಡ್ನಿ, ಬಿ.ಪಿ. ಮೂರಕ್ಕೂ ತೊಂದರೆ, ಬಿ.ಪಿ. ಮಾತ್ರೆ ನುಂಗುವವರಲ್ಲಿ ಇನ್ನೂ ಎಚ್ಚರ ಬೇಕು. ಹೆಸರಿಲ್ಲದ ಪುಡಿ ತಿಂದು ಎರಡೇ ದಿನದಲ್ಲಿ ನೋವು ಮಾಯವಾಯಿತು, ಮುಖ ದುಂಡಗಾಯಿತು ಎಂದರೆ ಅದರಲ್ಲಿ ಸ್ಟೀರಾಯ್ಡ್ ಇರಬಹುದು. ತಟ್ಟನೆ ನಿಲ್ಲಿಸಲು ಹೇಳಬೇಡಿ, ವೈದ್ಯರ ಹತ್ತಿರ ಕರೆದೊಯ್ಯಿರಿ.

ಕುಂದಿದ ಈಸ್ಟ್ರೋಜನ್ನನ್ನು ಹೊರಗಿನಿಂದ ಕೊಡುವ ಹಾರ್ಮೋನು ಚಿಕಿತ್ಸೆಯ ಬಗ್ಗೆ ವೈವಾದಲ್ಲಿ (ಮೌಖಿಕ ಪರೀಕ್ಷೆಯಲ್ಲಿ) ಕೇಳುತ್ತಾರೆ. ಅಮೆರಿಕದ ವಿಮೆನ್ಸ್ ಹೆಲ್ತ್ ಇನಿಶಿಯೇಟಿವ್ ಅಧ್ಯಯನದಲ್ಲಿ, ಗರ್ಭಕೋಶ ತೆಗೆಸಿಕೊಂಡು ಈಸ್ಟ್ರೋಜನ್ ತೆಗೆದುಕೊಂಡವರಲ್ಲಿ ಒಂದು ವರ್ಷದ ಬಳಿಕ ಕೀಲುನೋವು ಇದ್ದದ್ದು ಶೇ. 76.3 ಮಂದಿಗೆ, ಖಾಲಿ ಮಾತ್ರೆ ನುಂಗಿದವರಲ್ಲಿ ಶೇ. 79.2. ವ್ಯತ್ಯಾಸ ಇದೆ, ಸಣ್ಣದು. ಆದ್ದರಿಂದ ಬರೀ ಕೀಲುನೋವಿಗೆಂದು ಇದನ್ನು ಶುರುಮಾಡುವುದಿಲ್ಲ. ಮೈ ಬಿಸಿಯೇರುವುದು, ಬೆವರು ತಡೆಯಲಾಗದವರಿಗೆ ವೈದ್ಯರು ಕೊಟ್ಟಾಗ ಕೀಲಿಗೂ ಕೊಂಚ ಹಿತವಾಗಬಹುದು.

ಎರಡು ತಿಂಗಳ ಮೇಲೆ ಊರಿಗೆ ಹೋದಾಗ ಅಡಿಕೆ ಕೊಯ್ಲು ಶುರುವಾಗಿತ್ತು. ಮಂಡಿ ಪರವಾಗಿಲ್ಲ, ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಿಲ್ಲ. ಕೈ ಎಷ್ಟೊತ್ತಿಗೆ ಬಿಡುತ್ತದೆ ಎಂದು ಕೇಳಿದೆ. "ಒಲೆ ಹತ್ತೋದ್ರೊಳಗೆ" ಅಂದರು. ಹೆಬ್ಬೆರಳ ಬುಡ ಮಾತ್ರ ಹಾಗೇ ಇದೆ. ರಾತ್ರಿ ಹತ್ತರ ತನಕ ಮೆಟ್ಟುಗತ್ತಿ ಮೇಲೆ ಕೂತು ಅಡಿಕೆಯನ್ನು ಚಿವುಟಿ ಹಿಡಿದು ಸುಲಿಯುವ ಕೈ ಅದು. ಹೆಬ್ಬೆರಳಿಗೆ ಪಟ್ಟಿ ಕಟ್ಟಿಕೊಳ್ಳಿ, ಅರ್ಧ ಗಂಟೆಗೊಮ್ಮೆ ಕೈಗೆ ವಿರಾಮ ಕೊಡಿ, ಈ ಸಲ ಸುಲಿಯುವ ಯಂತ್ರಕ್ಕೆ ಕೊಡಿ ಎಂದೆ. ಪಟ್ಟಿ ಕಟ್ಟಿಕೊಂಡರು. ಯಂತ್ರದ ಮಾತಿಗೆ ಚಿಕ್ಕಪ್ಪನ ಕಡೆ ನೋಡಿದರು.