7147: ಫ್ಯಾನಿ ರಿನ್ನೆ ಅವರ ಹಾಕಿ ಬದುಕನ್ನು ಓದಿಕೊಂಡ ಬಗೆ

ದೈಹಿಕ ಶಿಕ್ಷಣದ ಪರೀಕ್ಷೆಗೆ ನನ್ನ ಜೊತೆ ಹಾಕಿ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಮೂರು ದಿನ ಎರಡು ಪ್ರಶ್ನೆಗಳ ಮುಂದೆ ಕುಳಿತಿದ್ದೆ. ನಿನ್ನೆ ರಾತ್ರಿ ಗಂಟು ಬಿಚ್ಚಿಕೊಂಡಿತು, ಮರೆಯುವ ಮುನ್ನ ಬರೆದಿಡುತ್ತಿದ್ದೇನೆ. ಒಬ್ಬ ಆಟಗಾರ್ತಿಯನ್ನು ಹಿಂಬಾಲಿಸಿದರೆ ಒಂದು ಕಾಲದ ಹಾಕಿಯೇ ತಿಳಿಯುತ್ತದೆ ಎಂದುಕೊಂಡು ಜರ್ಮನಿಯ ಮಿಡ್‌ಫೀಲ್ಡರ್ (ಮೈದಾನದ ನಡುಭಾಗದಲ್ಲಿ ಆಡುವವಳು) ಫ್ಯಾನಿ ರಿನ್ನೆ ಅವರನ್ನು ಆರಿಸಿಕೊಂಡೆ. ಮೈದಾನದ ಅಳತೆ, ಪೆನಾಲ್ಟಿ ಕಾರ್ನರ್ ಮುಂತಾದವನ್ನು ಇಲ್ಲಿ ವಿವರಿಸುವುದಿಲ್ಲ.

ಮೊದಲು ಚೌಕಟ್ಟು

ರಿನ್ನೆ ಹುಟ್ಟಿದ್ದು 1980ರ ಏಪ್ರಿಲ್ 15ರಂದು, ಮ್ಯಾನ್‌ಹೈಮ್ ನಗರದಲ್ಲಿ. ಆಡಿದ್ದು ಅದೇ ಊರಿನ ಟಿಎಸ್‌ವಿ ಮ್ಯಾನ್‌ಹೈಮ್ ಕ್ಲಬ್ಬಿಗೆ. ಸಿಡ್ನಿ 2000, ಅಥೆನ್ಸ್ 2004, ಬೀಜಿಂಗ್ 2008, ಲಂಡನ್ 2012 ಹೀಗೆ ನಾಲ್ಕು ಒಲಿಂಪಿಕ್ಸ್ ಆಡಿದರು. ಆ ನಾಲ್ಕರಲ್ಲಿ ಜರ್ಮನಿಯ ಸ್ಥಾನ ಕ್ರಮವಾಗಿ ಏಳು, ಒಂದು, ನಾಲ್ಕು, ಏಳು. 7147 ಎಂದು ಒಂದೇ ಸಂಖ್ಯೆಯಾಗಿ ಬಾಯಿಪಾಠ ಮಾಡಿಕೊಳ್ಳಿ. ನಾನು ಇದನ್ನು ನೋಟ್‌ಬುಕ್ಕಿನ ರಟ್ಟಿನ ಮೇಲೆ ಬರೆದುಕೊಂಡಿದ್ದೇನೆ. ಉಳಿದ ಎಲ್ಲ ವಿವರಗಳನ್ನೂ ಈ ನಾಲ್ಕು ಅಂಕಿಗಳಿಗೆ ನೇತುಹಾಕಬಹುದು.

ನಾನು ಸಿಕ್ಕಿಬಿದ್ದ ಜಾಗ: ಅಥೆನ್ಸ್

2004ರಲ್ಲಿ ಗುಂಪು ಹಂತದಲ್ಲೇ ಜರ್ಮನಿ ನೆದರ್ಲೆಂಡ್ಸ್ ವಿರುದ್ಧ 1-4ರಿಂದ ಸೋತಿತ್ತು. ದಕ್ಷಿಣ ಆಫ್ರಿಕಾ ವಿರುದ್ಧವೂ ಸೋತಿತ್ತು. ನಾಲ್ಕು ಪಂದ್ಯಗಳಲ್ಲಿ ಎರಡು ಸೋಲು! ಆದರೂ ಆಗಸ್ಟ್ 26ರಂದು ಅದೇ ನೆದರ್ಲೆಂಡ್ಸ್ ತಂಡವನ್ನು ಫೈನಲ್‌ನಲ್ಲಿ 2-1ರಿಂದ ಮಣಿಸಿ ಚಿನ್ನ ಗೆದ್ದಿತು. ಎರಡು ಸಲ ಸೋತ ತಂಡ ಮುಂದೆ ಹೋದದ್ದು ಹೇಗೆ? ಒಮ್ಮೆ ಆಡಿ ಮುಗಿಸಿದ ಎದುರಾಳಿಯೇ ಫೈನಲ್‌ನಲ್ಲಿ ಮತ್ತೆ ಸಿಕ್ಕಿದ್ದು ಹೇಗೆ? ನನ್ನ ಮೂರು ದಿನಗಳನ್ನು ತಿಂದದ್ದು ಈ ಎರಡು ಪ್ರಶ್ನೆಗಳು.

ಮೊದಲ ಪ್ರಶ್ನೆಗೆ ಲೆಕ್ಕ ಸಾಕು. ಒಟ್ಟು 10 ತಂಡಗಳು, ಐದೈದರ ಎರಡು ಗುಂಪುಗಳು, ಪ್ರತಿ ಗುಂಪಿನ ಮೊದಲ ಇಬ್ಬರು ಸೆಮಿಫೈನಲ್‌ಗೆ. ಗೆದ್ದರೆ 3 ಅಂಕ, ಡ್ರಾ ಆದರೆ 1. ಜರ್ಮನಿಯ ಗುಂಪಿನಲ್ಲಿ ನೆದರ್ಲೆಂಡ್ಸ್ ಉಳಿದ ನಾಲ್ವರನ್ನೂ ಸೋಲಿಸಿತು. ಹಾಗಾಗಿ ಆ ನಾಲ್ಕು ಪಂದ್ಯಗಳನ್ನು ಪೆನ್ಸಿಲ್‌ನಿಂದ ಹೊಡೆದುಹಾಕಿ. ಎಲ್ಲರೂ ಸೋತಿರುವುದರಿಂದ ಅದರಿಂದ ಯಾರಿಗೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಉಳಿಯುವುದು ನಾಲ್ಕು ತಂಡಗಳು ತಮ್ಮತಮ್ಮೊಳಗೆ ಆಡಿದ ಆರು ಪಂದ್ಯಗಳು. ಅಲ್ಲಿ ಜರ್ಮನಿ ಮೂರರಲ್ಲಿ ಎರಡನ್ನು ಗೆದ್ದಿತು. ಉಳಿದ ಮೂವರು ಒಬ್ಬರ ಅಂಕವನ್ನು ಇನ್ನೊಬ್ಬರು ಕಿತ್ತುಕೊಂಡರು. 6 ಅಂಕಗಳೇ ಎರಡನೆಯ ಸ್ಥಾನಕ್ಕೆ ಸಾಕಾದವು. ಗುಂಪಿನಲ್ಲಿ ಒಂದು ತಂಡ ಎಲ್ಲರನ್ನೂ ಸೋಲಿಸಿದ್ದರೆ ಮೊದಲು ಅದನ್ನು ಅಂಕಪಟ್ಟಿಯಿಂದ ಮನಸ್ಸಿನಲ್ಲೇ ತೆಗೆದುಬಿಡಬೇಕು ಎನ್ನುವುದನ್ನು ನಾನು ಕಲಿತದ್ದು ಇಲ್ಲಿ.

ಎರಡನೆಯ ಪ್ರಶ್ನೆ ನಿಜವಾದ ಕಗ್ಗಂಟು. ಸೆಮಿಫೈನಲ್‌ನಲ್ಲಿ ಅಡ್ಡ ಜೋಡಣೆ ಇರುತ್ತದೆ: ಒಂದು ಗುಂಪಿನ ಮೊದಲನೆಯವರಿಗೆ ಇನ್ನೊಂದು ಗುಂಪಿನ ಎರಡನೆಯವರು ಎದುರಾಳಿ. ಹಾಳೆಯ ಎಡಗಡೆ ಮೇಲೆ ಚೀನಾ, ಕೆಳಗೆ ಅರ್ಜೆಂಟೀನಾ ಎಂದು ಬರೆಯಿರಿ. ಬಲಗಡೆ ಮೇಲೆ ನೆದರ್ಲೆಂಡ್ಸ್, ಕೆಳಗೆ ಜರ್ಮನಿ. ಈಗ ಎಡ ಮೇಲಿನಿಂದ ಬಲ ಕೆಳಕ್ಕೆ ಒಂದು ಗೆರೆ, ಎಡ ಕೆಳಗಿನಿಂದ ಬಲ ಮೇಲಕ್ಕೆ ಇನ್ನೊಂದು. ಚೀನಾಗೆ ಜರ್ಮನಿ, ಅರ್ಜೆಂಟೀನಾಗೆ ನೆದರ್ಲೆಂಡ್ಸ್. ಒಂದೇ ಕಡೆಯ ಎರಡು ತಂಡಗಳು ಬೇರೆ ಬೇರೆ ಗೆರೆಯ ಮೇಲಿವೆ ನೋಡಿ. ಅಂದರೆ ಒಂದೇ ಗುಂಪಿನವರು ಸೆಮಿಫೈನಲ್‌ನಲ್ಲಿ ಎದುರಾಗಲು ಸಾಧ್ಯವೇ ಇಲ್ಲ. ಇಬ್ಬರೂ ಗೆದ್ದರೆ ಫೈನಲ್‌ನಲ್ಲಿ ಸೇರುತ್ತಾರೆ, ಇಬ್ಬರೂ ಸೋತರೆ ಕಂಚಿನ ಪಂದ್ಯದಲ್ಲಿ. ಅಥೆನ್ಸ್‌ನಲ್ಲಿ ಬಲಗಡೆಯ ಇಬ್ಬರೂ ಗೆದ್ದರು, ಎಡಗಡೆಯ ಇಬ್ಬರೂ ಸೋತರು. ಅದಕ್ಕೇ ಫೈನಲ್‌ಗೆ ಜರ್ಮನಿ ಮತ್ತು ನೆದರ್ಲೆಂಡ್ಸ್, ಕಂಚಿಗೆ ಅರ್ಜೆಂಟೀನಾ ಮತ್ತು ಚೀನಾ. ನಾನು ಮಾಡಿದ್ದ ತಪ್ಪೆಂದರೆ ಎರಡು ಗುಂಪುಗಳನ್ನು ಒಂದರ ಕೆಳಗೊಂದು ಬರೆದದ್ದು. ಹಾಗೆ ಬರೆದರೆ ಗೆರೆಗಳ ಅಡ್ಡಹಾಯುವಿಕೆ ಕಣ್ಣಿಗೆ ಕಾಣುವುದೇ ಇಲ್ಲ. ಪಕ್ಕಪಕ್ಕದಲ್ಲೇ ಬರೆಯಿರಿ.

ಚೀನಾ ವಿರುದ್ಧದ ಸೆಮಿಫೈನಲ್ ಗೋಲಿಲ್ಲದೆ ಮುಗಿಯಿತು. ಪೆನಾಲ್ಟಿ ಸ್ಟ್ರೋಕ್‌ಗಳಲ್ಲಿ (ಗೋಲ್‌ಕೀಪರ್ ಒಬ್ಬಳನ್ನೇ ಎದುರಿಸಿ ನಿಗದಿತ ಬಿಂದುವಿನಿಂದ ಹೊಡೆಯುವ ಹೊಡೆತಗಳು) ಜರ್ಮನಿ 4-3ರಿಂದ ಗೆದ್ದಿತು. ಗೋಲಿನಲ್ಲಿ ನಿಂತಿದ್ದವರು ಲೂಯಿಜಾ ವಾಲ್ಟರ್. ಫೈನಲ್‌ನಲ್ಲಿ ಜರ್ಮನಿಯ ಗೋಲುಗಳು ಆಂಕೆ ಕ್ಯೂನ್ ಮತ್ತು ಫ್ರಾನ್ಸಿಸ್ಕಾ ಗುಡೆ ಅವರದು. ನಾಯಕಿ ಮರಿಯೋನ್ ರೋಡೆವಾಲ್ಡ್. ಕೋಚ್ ಮಾರ್ಕುಸ್ ವೈಸೆ ಮುಂದೆ 2008 ಮತ್ತು 2012ರಲ್ಲಿ ಜರ್ಮನಿಯ ಪುರುಷರ ತಂಡಕ್ಕೂ ಒಲಿಂಪಿಕ್ ಚಿನ್ನ ಗೆಲ್ಲಿಸಿಕೊಟ್ಟರು. ಈ ಹೆಸರು ಪರೀಕ್ಷೆಯಲ್ಲಿ ಬಂದೇ ಬರುತ್ತದೆ ಎಂಬುದು ನನ್ನ ನಂಬಿಕೆ.

ಮಿಡ್‌ಫೀಲ್ಡರ್‌ಳನ್ನು ಎಲ್ಲಿ ಹುಡುಕಬೇಕು?

ಗೋಲು ಹೊಡೆದವರ ಪಟ್ಟಿಯಲ್ಲಿ ಹುಡುಕಿದರೆ ಮಿಡ್‌ಫೀಲ್ಡರ್‌ಳ ದುಡಿಮೆ ಕಾಣುವುದಿಲ್ಲ. ಅವಳ ಪಾದಗಳನ್ನು ನೋಡಬೇಕು. ಹಾಕಿ ಸ್ಟಿಕ್ಕಿನ ಎಡಮುಖವಷ್ಟೇ ಚಪ್ಪಟೆ, ಚೆಂಡನ್ನು ಆಡಬೇಕಾದದ್ದು ಅದರಿಂದಲೇ. ಎಡಗೈಯವರಿಗೆಂದು ಬೇರೆ ಸ್ಟಿಕ್ ಇಲ್ಲ. ಚೆಂಡು ಆಟಗಾರ್ತಿಯ ಬಲಪಾದದ ಮುಂದೆ ಇರುತ್ತದೆ, ಆದ್ದರಿಂದ ಎಡಕ್ಕೆ ತಳ್ಳುವುದು ಸಲೀಸು. ಬಲಕ್ಕೆ ಕೊಡಬೇಕೆಂದರೆ ಚೆಂಡಿನ ಸುತ್ತ ಪಾದಗಳನ್ನು ತಿರುಗಿಸಿಕೊಳ್ಳಬೇಕು, ಇಲ್ಲವೇ ಸ್ಟಿಕ್ ಮಗುಚಬೇಕು. ಆ ಒಂದು ಹೆಜ್ಜೆಯ ಹೊತ್ತಿನಲ್ಲಿ ಎದುರಾಳಿ ಮೇಲೆ ಬಿದ್ದಿರುತ್ತಾಳೆ. ನಡುವೆ ಆಡುವವಳು ಚೆಂಡು ಬರುವ ಮೊದಲೇ ಭುಜದ ಮೇಲಿಂದ ಹಿಂದಕ್ಕೆ ಕಣ್ಣುಹಾಯಿಸಿ, ಯಾವ ಕಡೆ ತಿರುಗಬೇಕೆಂದು ನಿರ್ಧರಿಸಿ, ಮೈಯನ್ನು ಅರ್ಧ ತೆರೆದುಕೊಂಡೇ ಚೆಂಡನ್ನು ಪಡೆಯುವುದು ಇದಕ್ಕಾಗಿ. ಇದನ್ನು ತಿಳಿದ ಮೇಲೆ ಹಳೆಯ ಪಂದ್ಯ ನೋಡುವಾಗ ನಾನು ಚೆಂಡನ್ನು ಬಿಟ್ಟು ಮಿಡ್‌ಫೀಲ್ಡರ್‌ಳ ತಲೆ ತಿರುಗುವುದನ್ನೇ ಎಣಿಸುತ್ತೇನೆ. ನೀವೂ ಐದು ನಿಮಿಷ ಹಾಗೆ ನೋಡಿ.

ಕಾಲಿನ ಕೆಳಗೇ ಬದಲಾದ ನಿಯಮಗಳು

ಎದುರಾಳಿ ಗೋಲಿನ ಬಳಿ ಮೊದಲೇ ಹೋಗಿ ಕಾಯುವುದನ್ನು ತಡೆಯುತ್ತಿದ್ದ ಆಫ್‌ಸೈಡ್ ನಿಯಮ 1990ರ ದಶಕದಲ್ಲೇ ಹೋಗಿತ್ತು. ಫಾರ್ವರ್ಡ್‌ಗಳು ಗೋಲಿನ ಬಳಿಯೇ ನಿಲ್ಲಬಹುದಾದ್ದರಿಂದ ಮೈದಾನ ಉದ್ದಕ್ಕೆ ಹಿಗ್ಗಿತು, ಓಡಬೇಕಾದ ನಡುಭಾಗ ದೊಡ್ಡದಾಯಿತು. ರಿನ್ನೆ ಅವರ ತಲೆಮಾರಿಗೆ ಸಿಕ್ಕಿದ್ದು ಈ ಹಿಗ್ಗಿದ ಮೈದಾನ. 2009ರಲ್ಲಿ ಸೆಲ್ಫ್ ಪಾಸ್ ಬಂತು: ಫ್ರೀ ಹಿಟ್ (ಎದುರಾಳಿಯ ತಪ್ಪಿಗೆ ಸಿಗುವ ಹೊಡೆತ) ಸಿಕ್ಕವಳು ಬೇರೆಯವರಿಗೆ ಕೊಡದೆ ತಾನೇ ಚೆಂಡನ್ನು ಒಯ್ಯಬಹುದು. ಸೀಟಿ ಊದಿದ ಕೂಡಲೇ ಆಟ ಶುರುವಾಗುವುದರಿಂದ ನಡುವಿನವರಿಗೆ ಉಸಿರಾಡಲೂ ಬಿಡುವಿಲ್ಲ. ಆಗ ರಿನ್ನೆ ಅವರಿಗೆ ಮೂವತ್ತರ ಹತ್ತಿರ ವಯಸ್ಸು. 2011ರಿಂದ ಪಂದ್ಯ ಸಮವಾದಾಗ ಸ್ಟ್ರೋಕ್‌ಗಳ ಬದಲು ಶೂಟೌಟ್: 23 ಮೀಟರ್ ಗೆರೆಯಿಂದ ಹೊರಟು 8 ಸೆಕೆಂಡಿನೊಳಗೆ ಗೋಲು ಹೊಡೆಯಬೇಕು. ಅಥೆನ್ಸ್ ಸೆಮಿಫೈನಲ್ ಹಾಗೂ ಲಂಡನ್ ಪಂದ್ಯಗಳನ್ನು ಒಂದೇ ನಿಯಮದಿಂದ ಓದಲು ಹೋಗಬೇಡಿ.

ಎದುರಾಳಿ ಮತ್ತೆ ಅದೇ

ಯುರೋಪಿಯನ್ ಚಾಂಪಿಯನ್‌ಷಿಪ್‌ನ 2005, 2007, 2009, 2011ರ ನಾಲ್ಕೂ ಫೈನಲ್‌ಗಳಲ್ಲಿ ಜರ್ಮನಿಗೆ ಎದುರಾದದ್ದು ನೆದರ್ಲೆಂಡ್ಸ್. ಜರ್ಮನಿ ಗೆದ್ದದ್ದು 2007ರಲ್ಲಿ ಮ್ಯಾಂಚೆಸ್ಟರಿನಲ್ಲಿ ಮಾತ್ರ, 2-0ರಿಂದ. ಅದರ ಹಿಂದಿನ ವರ್ಷ ಆಮ್‌ಸ್ಟೆಲ್ವೇನ್‌ನಲ್ಲಿ ಚಾಂಪಿಯನ್ಸ್ ಟ್ರೋಫಿ ಫೈನಲ್‌ನಲ್ಲಿ ಚೀನಾವನ್ನು 3-2ರಿಂದ ಸೋಲಿಸಿತ್ತು. ರಿನ್ನೆ ಅವರ ಆಟದ ಬದುಕನ್ನು ನೆನಪಿಡಲು ಪದಕಗಳಿಗಿಂತ ಈ ಎರಡು ಎದುರಾಳಿಗಳೇ ಒಳ್ಳೆಯ ದಾರಿ ಎನಿಸುತ್ತದೆ ನನಗೆ.

ಅಭ್ಯಾಸಕ್ಕೆ ಬೀಜಿಂಗ್ 2008. ಒಂದು ಗುಂಪಿನಿಂದ ನೆದರ್ಲೆಂಡ್ಸ್ ಮತ್ತು ಚೀನಾ, ಇನ್ನೊಂದರಿಂದ ಜರ್ಮನಿ ಮತ್ತು ಅರ್ಜೆಂಟೀನಾ, ಇದೇ ಕ್ರಮದಲ್ಲಿ. ಪಕ್ಕಪಕ್ಕದಲ್ಲಿ ಬರೆದು ಗೆರೆ ಎಳೆಯಿರಿ. ಚೀನಾ ಜರ್ಮನಿಯನ್ನು 3-2ರಿಂದ, ನೆದರ್ಲೆಂಡ್ಸ್ ಅರ್ಜೆಂಟೀನಾವನ್ನು 5-2ರಿಂದ ಸೋಲಿಸಿದವು. ಕಂಚಿನ ಪಂದ್ಯ ಯಾರ ನಡುವೆ ಎಂದು ಕೆಳಗೆ ನೋಡದೆ ಹೇಳಿ.

ಉತ್ತರ: ಅರ್ಜೆಂಟೀನಾ ಮತ್ತು ಜರ್ಮನಿ, 3-1. 7147ರ ಮೂರನೆಯ ಅಂಕಿ ಬಂದದ್ದು ಇಲ್ಲಿಂದ.