ಹತ್ತಿಗೆ ಬಣ್ಣ ಹಿಡಿಸೋದು ಅಂದ್ರೆ ಸುಮ್ನೆ ಅಲ್ಲ

ಹೋದ ತಿಂಗಳು ಹೊಸ ಕೆಂಪು ಟವೆಲ್ಲನ್ನ ಬಿಳಿ ಪಂಚೆ ಜೊತೆ ಒಂದೇ ಬಕೆಟ್‌ನಲ್ಲಿ ನೆನೆಹಾಕಿ ಮರೆತುಬಿಟ್ಟೆ, ಸಂಜೆ ನೋಡಿದ್ರೆ ಪಂಚೆ ಪೂರ್ತಿ ಪಿಂಕ್. ಅಮ್ಮ ಬೈದಿದ್ದು ಒಂದೇ ಮಾತು, "ಮೊದ್ಲು ಒಂದ್ ಹಿಡಿ ಕಲ್ಲುಪ್ಪು ಹಾಕಿ ನೆನೆಸೋದ್ ಬಿಟ್ಟು ಹಂಗೇ ಹಾಕ್ತಾರೇನೋ?" ಮಜಾ ಏನಂದ್ರೆ ಅದೇ ಬಕೆಟ್‌ನಲ್ಲಿದ್ದ ಗಿಳಿ ಹಸಿರು ಪಾಲಿಯೆಸ್ಟರ್ ಟೀಶರ್ಟ್ ಒಂದು ತೊಟ್ಟು ಬಣ್ಣ ಬಿಟ್ಟಿರ್ಲಿಲ್ಲ.

ಇದ್ರಲ್ಲಿ ಹತ್ತಿದೇ ತಕರಾರು. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನು, ನೀರಿಗೆ ಸ್ವಲ್ಪ ಹುಳಿ ಬಿದ್ರೆ ಅವುಗಳ ಮೇಲೆ ಪಾಸಿಟಿವ್ ಚಾರ್ಜ್ ಬರುತ್ತೆ, ನೆಗೆಟಿವ್ ಚಾರ್ಜ್ ಇರೋ ಬಣ್ಣ ತಾನಾಗೇ ಬಂದು ಅಂಟ್ಕೊಳುತ್ತೆ. ಹತ್ತಿ ಹಂಗಲ್ಲ. ಅದು ಸೆಲ್ಯುಲೋಸ್, ಗ್ಲೂಕೋಸ್ ಅಣುಗಳನ್ನ ಸಾಲಾಗಿ ಪೋಣಿಸಿದ ಸರ, ನೀರಲ್ಲಿ ಅದರ ಮೇಲೂ ಒಂಚೂರು ನೆಗೆಟಿವ್ ಚಾರ್ಜೇ ಇರೋದು, ಹಾಗಾಗಿ ಬಣ್ಣನ ದೂರ ತಳ್ಳುತ್ತೆ. ನನ್ ಪ್ರಕಾರ ಬಣ್ಣಗಾರಿಕೆಯ ಇತಿಹಾಸದಲ್ಲಿ ಮುಕ್ಕಾಲು ಪಾಲು ಹತ್ತಿಯ ಈ ಹಟ ಮುರಿಯೋ ಕಥೆನೇ.

ಮೊದಲ ಉಪಾಯ ನಮ್ಮ ಕಡೆದು. ಮೊಹೆಂಜೊದಾರೋದಲ್ಲಿ ಒಂದು ಬೆಳ್ಳಿ ಪಾತ್ರೆಗೆ ಅಂಟ್ಕೊಂಡಿದ್ದ ಹತ್ತಿ ಬಟ್ಟೆ ಚೂರು ಸಿಕ್ತು, ನಾಲ್ಕು ಸಾವಿರ ವರ್ಷಕ್ಕಿಂತ ಹಳೇದು, ಅದಕ್ಕೆ ಮಂಜಿಷ್ಠದ ಜಾತಿಯ ಬೇರಿನ ಕೆಂಪು ಹಾಕಿದ್ರು. ಆ ಕೆಂಪು ಬರೀ ಹತ್ತಿ ಮೇಲೆ ನಿಲ್ಲಲ್ಲ, ಮಧ್ಯೆ ಒಬ್ಬ ದಲ್ಲಾಳಿ ಬೇಕು. ಕ್ಷೌರದಂಗಡಿಯಲ್ಲಿ ಶೇವಿಂಗ್ ಆದ್ಮೇಲೆ ಗಲ್ಲಕ್ಕೆ ಉಜ್ತಾರಲ್ಲ, ಅದೇ ಪಟಿಕ. ಅದರಲ್ಲಿರೋ ಅಲ್ಯೂಮಿನಿಯಂ ಒಂದು ಕಡೆ ನೂಲನ್ನ ಹಿಡಿಯುತ್ತೆ, ಇನ್ನೊಂದು ಕಡೆ ಬಣ್ಣನ. ದಲ್ಲಾಳಿ ಬದಲಾದ್ರೆ ಬಣ್ಣನೂ ಬೇರೆ, ಪಟಿಕದ ಜಾಗಕ್ಕೆ ಕಬ್ಬಿಣ ಬಂದ್ರೆ ಅದೇ ಬೇರು ಕೆಂಪು ಬಿಟ್ಟು ಕಪ್ಪು ನೇರಳೆ ಕಡೆ ತಿರುಗುತ್ತೆ. ಶ್ರೀಕಾಳಹಸ್ತಿಯ ಕಲಂಕಾರಿಯವರು ಬಟ್ಟೆನ ಮೊದ್ಲು ಅಳಲೆಕಾಯಿ ಮತ್ತೆ ಎಮ್ಮೆ ಹಾಲಲ್ಲಿ ಅದ್ದಿ ಒಣಗಿಸ್ತಾರೆ, ಆಮೇಲೆ ತುಕ್ಕು ಕಬ್ಬಿಣ ಬೆಲ್ಲದ ನೀರಲ್ಲಿ ದಿನಗಟ್ಟಲೆ ಕೊಳೆಸಿದ ರಸನ ಬಿದಿರು ಕಡ್ಡಿಯಲ್ಲಿ ತಗೊಂಡು ಗೆರೆ ಎಳೀತಾರೆ. ಕಪ್ಪು ಇರೋದು ಕಡ್ಡಿಯಲ್ಲಿ ಅಲ್ಲ, ರಸ ಬಟ್ಟೆ ಮುಟ್ಟಿದ ಮೇಲೆ ಅಳಲೆಕಾಯಿ ಒಗರಿಗೆ ಕಬ್ಬಿಣ ಸೇರಿ ಕಣ್ಣೆದುರೇ ಗೆರೆ ಕಪ್ಪಾಗುತ್ತೆ.

ಗಿಡದಿಂದ ಬರೋ ನೀಲಿ, ಅಂದ್ರೆ ಇಂಡಿಗೋ, ಇನ್ನೂ ವಿಚಿತ್ರ, ಅದು ನೀರಲ್ಲೇ ಕರಗಲ್ಲ. ಅದಕ್ಕೇ ದಕ್ಷಿಣದ ಬಣ್ಣಗಾರರು ತಗಚೆ ಬೀಜ ಬೇಯಿಸಿ ಸುಣ್ಣದ ಜೊತೆ ನೀಲಿ ತೊಟ್ಟಿಗೆ ಹಾಕಿ ಹುದುಗಿಸ್ತಿದ್ರು. ಬಣ್ಣ ಅಂದ್ರೆ ಏನು ಅಂತ ಇಲ್ಲಿ ಗೊತ್ತಾಗುತ್ತೆ ನೋಡಿ: ಬಣ್ಣದ ಅಣುವಿನೊಳಗೆ ಒಂದು ಬಿಟ್ಟು ಒಂದು ಬರೋ ಡಬಲ್ ಬಾಂಡ್ (ಪರಮಾಣುಗಳ ನಡುವಿನ ಜೋಡಿ ಕೊಂಡಿ) ಸಾಲಿನಲ್ಲಿ ಎಲೆಕ್ಟ್ರಾನ್ ಓಡಾಡ್ಕೊಂಡಿರುತ್ತೆ, ಆ ಸಾಲು ಹೆಂಗಿದೆ ಅನ್ನೋದರ ಮೇಲೆ ಯಾವ ಬೆಳಕು ಹೀರ್ಕೊಳುತ್ತೆ ಅನ್ನೋದು, ಉಳಿದ ಬೆಳಕೇ ನಮ್ಮ ಕಣ್ಣಿಗೆ ಬರೋ ಬಣ್ಣ. ತೊಟ್ಟಿಯ ಬ್ಯಾಕ್ಟೀರಿಯಾ ನೀಲಿಗೆ ಹೈಡ್ರೋಜನ್ ಸೇರಿಸಿ ಆ ಸಾಲನ್ನ ಬದಲಾಯಿಸುತ್ತೆ, ನೀಲಿ ಹೋಗಿ ಹಳದಿ ಹಸಿರು ಆಗುತ್ತೆ, ಸುಣ್ಣದ ನೀರಲ್ಲಿ ಕರಗೂ ಕರಗುತ್ತೆ. ನೂಲು ಅದ್ದಿ ಮೇಲೆತ್ತಿದ್ರೆ ಗಾಳಿ ತಾಗ್ತಾ ತಾಗ್ತಾ ಹಸಿರು, ಆಮೇಲೆ ನೀಲಿ. ಮತ್ತೆ ಕರಗದ ಪುಡಿಯಾಗಿ ನೂಲಿನ ಸಂದಿನಲ್ಲಿ ಸಿಕ್ಕಾಕೊಳುತ್ತೆ ಅಷ್ಟೇ, ಕೆಮಿಕಲ್ ಬಾಂಡ್ ಗೀಂಡ್ ಏನಿಲ್ಲ. ಜೀನ್ಸ್‌ನಲ್ಲಂತೂ ಈ ಪುಡಿ ನೂಲಿನ ಹೊರಪದರದಲ್ಲೇ ಕೂತಿರುತ್ತೆ, ಮಂಡಿ ಹತ್ರ ಸವೆದು ಬೆಳ್ಳಗಾಗೋದು ಅದಕ್ಕೇ. ಈ ನೀಲಿ ಗಿಡನ ರೈತರ ಕೈಲಿ ಬಲವಂತವಾಗಿ ಬೆಳೆಸಿದ ಚಂಪಾರಣ್ಯದ ಕಥೆ ಎಲ್ಲರಿಗೂ ಗೊತ್ತಿರೋದೇ, ಬಿಡಿ. 1897ರಲ್ಲಿ ಜರ್ಮನಿಯ ಬಿಎಎಸ್ಎಫ್ ಕಂಪನಿ ಫ್ಯಾಕ್ಟರಿಯಲ್ಲಿ ಮಾಡಿದ ನೀಲಿನ ಮಾರ್ಕೆಟ್‌ಗೆ ಬಿಟ್ಟ ಮೇಲೆ ಗಿಡದ ನೀಲಿಯ ವ್ಯಾಪಾರ ಕುಸಿದೇ ಹೋಯ್ತು.

ಇನ್ನು 1856ರಲ್ಲಿ ಲಂಡನ್‌ನಲ್ಲಿ 18 ವರ್ಷದ ವಿಲಿಯಂ ಪರ್ಕಿನ್ ಅನ್ನೋ ಹುಡುಗ ಮಲೇರಿಯಾ ಔಷಧಿ ಕ್ವಿನೈನ್ ಮಾಡೋಕೆ ಹೋಗಿ ನೇರಳೆ ಬಣ್ಣ ಮಾಡಿಬಿಟ್ಟ. ರೇಷ್ಮೆಗೆ ಚೆನ್ನಾಗಿ ಹಿಡೀತು, ಹತ್ತಿ ಮತ್ತೆ ಕೈಕೊಡ್ತು, ಟ್ಯಾನಿನ್ ಅನ್ನೋ ಒಗರನ್ನ ದಲ್ಲಾಳಿ ಮಾಡ್ಕೊಬೇಕಾಯ್ತು. ದಲ್ಲಾಳಿ ಕಾಟ ತಪ್ಪಿಸಿದ್ದು 1880ರ ದಶಕದಲ್ಲಿ ಜರ್ಮನಿಯ ಬಾಟಿಗರ್ ಕಂಡುಹಿಡಿದ ಕಾಂಗೋ ರೆಡ್ ಅನ್ನೋ ಬಣ್ಣ. ಉದ್ದ, ಚಪ್ಪಟೆ ಅಣು, ಸೆಲ್ಯುಲೋಸ್ ಎಳೆ ಪಕ್ಕ ಒರಗಿ ಮಲಗುತ್ತೆ. ಪಟಿಕ ಬೇಡ ಏನೂ ಬೇಡ, ಬಿಸಿನೀರು, ಉಪ್ಪು, ಬಣ್ಣ, ಮುಗೀತು. ಆದ್ರೆ ಆ ಹಿಡಿತ ಬಲು ಸಡಿಲ, ಒಗೆದಷ್ಟೂ ಬಿಡುತ್ತೆ, ಆಸಿಡ್ ತಾಗಿದ್ರೆ ಕೆಂಪು ಹೋಗಿ ನೀಲಿನೇ ಆಗಿಬಿಡುತ್ತೆ. ನನ್ ಟವೆಲ್‌ಗೆ ಹಾಕಿದ್ದೂ ಬಹುಶಃ ಇದೇ ವಂಶದ ಯಾವುದೋ ಅಗ್ಗದ ಬಣ್ಣ.

ಅಮ್ಮನ ಉಪ್ಪು ಸುಳ್ಳಲ್ಲ, ಪೂರ್ತಿ ನಿಜನೂ ಅಲ್ಲ. ಉಪ್ಪಿನ ಸೋಡಿಯಂ ಹತ್ತಿ ಮೇಲಿನ ನೆಗೆಟಿವ್ ಚಾರ್ಜನ್ನ ಮರೆಮಾಡುತ್ತೆ, ಹಾಗಾಗಿ ಬಣ್ಣ ನೀರಿಗಿಂತ ಬಟ್ಟೆ ಕಡೆಗೇ ವಾಲುತ್ತೆ. ಆ ಬಕೆಟ್‌ನಲ್ಲಿ ಉಪ್ಪಿರೋ ತನಕ ಮಾತ್ರ. ಮುಂದಿನ ವಾರ ಬರೀ ನೀರಿಗೆ ಹಾಕಿದ್ರೆ ಮತ್ತೆ ಅದೇ ಹಾಡು.

ನಿಜವಾಗ್ಲೂ ಪಕ್ಕಾ ಬಣ್ಣ ಸಿಕ್ಕಿದ್ದು 1956ರಲ್ಲಿ, ಪರ್ಕಿನ್ ಆಗಿ ಸರಿಯಾಗಿ ನೂರು ವರ್ಷಕ್ಕೆ. ಇಂಗ್ಲೆಂಡ್‌ನ ಐಸಿಐ ಕಂಪನಿಯಲ್ಲಿ ರ್‍ಯಾಟೀ ಮತ್ತು ಸ್ಟೀಫನ್ ಅನ್ನೋರು ಕ್ಲೋರಿನ್ ಇರೋ ಒಂದು ಕೊಂಡಿನ ಬಣ್ಣಕ್ಕೆ ಜೋಡಿಸಿದ್ರು, ಕ್ಷಾರ ಹಾಕಿದ್ರೆ ಕ್ಲೋರಿನ್ ಬಿಟ್ಟುಹೋಗಿ ಆ ಜಾಗದಲ್ಲಿ ಸೆಲ್ಯುಲೋಸೇ ಬಂದು ಸೇರ್ಕೊಳುತ್ತೆ. ಅಂದ್ರೆ ಬಣ್ಣ ಹತ್ತಿ ಅಣುವಿನದೇ ಒಂದು ಭಾಗ ಆಗೋಗುತ್ತೆ. ಇದೇ ರಿಯಾಕ್ಟಿವ್ ಡೈ. ಪಾಲಿಯೆಸ್ಟರ್ ದಾರಿನೇ ಬೇರೆ, 130 ಡಿಗ್ರಿಯಲ್ಲಿ ಪ್ರೆಶರ್ ಕುಕ್ಕರ್ ಥರದ ಮಶೀನಿನಲ್ಲಿ ಬಣ್ಣ ಪ್ಲಾಸ್ಟಿಕ್ ಒಳಗೇ ಹೊಕ್ಕಿರುತ್ತೆ, ನಮ್ಮ ತಣ್ಣೀರು ಬಕೆಟ್ಟಿಗೆಲ್ಲ ಅದು ಹೊರಗೆ ಬರಲ್ಲ.

ರಿಯಾಕ್ಟಿವ್ ಡೈಗೆ ಒಂದು ಕೆಟ್ಟ ಬುದ್ಧಿ, ಅದು ಹತ್ತಿ ಜೊತೆ ಅಲ್ದೇ ನೀರಿನ ಜೊತೆಗೂ ಸೇರ್ಕೊಳುತ್ತೆ. ಹಂಗೆ ಸೇರಿದ ಬಣ್ಣ ವೇಸ್ಟು, ತೊಳೆದು ಚೆಲ್ಲಬೇಕು. ಜೊತೆಗೆ ಉಪ್ಪು, ಗಾಢ ಬಣ್ಣಕ್ಕೆ ಲೀಟರ್‌ಗೆ 50ರಿಂದ 80 ಗ್ರಾಂ ಬೇಕಾಗುತ್ತೆ, ಸಮುದ್ರದ ನೀರಲ್ಲೇ ಇರೋದು ಸುಮಾರು 35. ತಿರುಪ್ಪೂರಲ್ಲಿ ನೂರಾರು ಡೈಯಿಂಗ್ ಯೂನಿಟ್‌ಗಳ ಇಂಥ ನೀರೆಲ್ಲ ಕಾವೇರಿಯ ಉಪನದಿ ನೊಯ್ಯಲ್‌ಗೆ ಹೋಯ್ತು, ನೀರಾವರಿಗೆ ಅಂತ ಕಟ್ಟಿದ್ದ ಒರತ್ತುಪಾಳಯಂ ಡ್ಯಾಮ್ ಬಣ್ಣದ ನೀರಿನ ಗುಂಡಿ ಆಯ್ತು, ಕೆಳಗಿನ ರೈತರು ಕೋರ್ಟಿಗೆ ಹೋದ್ರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ಯೂನಿಟ್‌ಗಳನ್ನೇ ಮುಚ್ಚಿ ಅಂತು. ಈಗ ಅಲ್ಲಿ ಒಂದು ಹನಿ ಹೊರಗೆ ಬಿಡೋ ಹಾಗಿಲ್ಲ, ನೀರನ್ನ ಸೋಸಿ, ಕುದಿಸಿ, ಉಪ್ಪು ವಾಪಸ್ ತೆಗೆದು ಮುಂದಿನ ಬ್ಯಾಚಿಗೆ ಹಾಕ್ತಾರೆ. ಬೇರ್ಪಡಿಸೋಕಾಗದ ಬೆರಕೆ ಉಪ್ಪನ್ನ ಮಾತ್ರ ಚೀಲಕ್ಕೆ ತುಂಬಿ ಶೆಡ್ಡುಗಳಲ್ಲಿ ಪೇರಿಸಿಡಬೇಕಾಗುತ್ತೆ.