ಕ್ರೌನ್ ಲೆಂಗ್ದನಿಂಗ್ ಅಂದರೆ ಏನು?

ನಮ್ಮಕ್ಕನ ಮಗಳ ನಿಶ್ಚಿತಾರ್ಥದ ಫೋಟೋಗಳಲ್ಲಿ ಅವಳ ನಗು ಎಲ್ಲೂ ಇಲ್ಲ. ಎಲ್ಲದರಲ್ಲೂ ತುಟಿ ಬಿಗಿಹಿಡಿದಿದ್ದಾಳೆ. ಕೇಳಿದ್ದಕ್ಕೆ "ಚಿಕ್ಕಮ್ಮ, ನಕ್ಕರೆ ಹಲ್ಲಿಗಿಂತ ವಸಡೇ ಜಾಸ್ತಿ ಕಾಣ್ಸುತ್ತೆ" ಅಂದಳು. ಅವಳ ಜೊತೆ ಜಯನಗರದ ಹಲ್ಲಿನ ಡಾಕ್ಟರ ಹತ್ತಿರ ಹೋದಾಗ ಚೀಟಿಯಲ್ಲಿ ಈ ಪದ ಇತ್ತು.

ಇಲ್ಲಿ ಕ್ರೌನ್ ಅಂದರೆ ಹಲ್ಲಿಗೆ ಹಾಕಿಸುವ ಕ್ಯಾಪ್ ಅಲ್ಲ. ಬೇರು ಬಿಟ್ಟು ಉಳಿದ, ಎನಾಮಲ್ ಇರುವ ಭಾಗ. ಲೆಂಗ್ದನಿಂಗ್ ಅಂದರೆ ಉದ್ದ ಮಾಡುವುದು. ಹಾಗಂತ ಹಲ್ಲೇನೂ ಬೆಳೆಯುವುದಿಲ್ಲ. ವಸಡಿನ ಕೆಳಗೆ ಮುಚ್ಚಿಹೋದ ಭಾಗ ಹೊರಗೆ ಬರುತ್ತದೆ, ಅಷ್ಟೇ. ಮೇಲಿನ ಸಾಲಿನ ನಡುವಿನ ಹಲ್ಲಿನ ಈ ಭಾಗ ಸಾಮಾನ್ಯವಾಗಿ 10–11 ಮಿ.ಮೀ. ಇರುತ್ತದೆ. ನಮ್ಮ ಹುಡುಗಿಯದು 8 ಮಾತ್ರ ಕಾಣುತ್ತಿತ್ತು. ಹಲ್ಲು ಬಂದ ಮೇಲೆ ವಸಡು ತಾನಾಗಿ ಹಿಂದೆ ಸರಿಯಬೇಕು. ಕೆಲವರಿಗೆ ಅದು ಅರ್ಧಕ್ಕೇ ನಿಂತುಬಿಡುತ್ತದೆ.

ಹಾಗಾದರೆ ಹೆಚ್ಚಿರುವ ವಸಡನ್ನು ಸುಮ್ನೆ ಕತ್ತರಿಸಿದರೆ ಆಗಲ್ವಾ? ಕೆಲವರಿಗೆ ಆಗುತ್ತದೆ. ಅದಕ್ಕೆ ಜಿಂಜಿವೆಕ್ಟಮಿ ಅನ್ನುತ್ತಾರೆ. ಆದರೆ ವಸಡಿನ ಅಂಚಿಗೂ ಒಳಗಿನ ಮೂಳೆಗೂ ನಡುವೆ ಸುಮಾರು 3 ಮಿ.ಮೀ. ಜಾಗ ಬೇಕು. ಅದರಲ್ಲಿ ಹೆಚ್ಚುಕಡಿಮೆ 2 ಮಿ.ಮೀ.ನಲ್ಲಿ ವಸಡು ಹಲ್ಲಿಗೆ ಕಚ್ಚಿಕೊಂಡಿರುತ್ತದೆ. ಅಷ್ಟು ಜಾಗ ಉಳಿಸದೆ ಕತ್ತರಿಸಿದರೆ ವಸಡು ಮತ್ತೆ ಬೆಳೆದುಬರುತ್ತದೆ, ಇಲ್ಲವೇ ಕೆಂಪಗೆ ಊದಿಕೊಂಡೇ ಇರುತ್ತದೆ. ಅಂಥವರಿಗೆ ವಸಡನ್ನು ಬಿಡಿಸಿ, ಮೂಳೆಯ ಅಂಚನ್ನೂ ಸ್ವಲ್ಪ ಸವರಿ, ಹೊಲಿಗೆ ಹಾಕಬೇಕು. ಕ್ರೌನ್ ಲೆಂಗ್ದನಿಂಗ್‌ನಲ್ಲಿ ಕಷ್ಟದ ಕೆಲಸ ಇದೇ.

ಮೂಳೆ ಎಲ್ಲಿದೆ ಅಂತ ಗೊತ್ತಾಗುವುದು ಹೇಗೆ? ಡಾಕ್ಟರು ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು, ಮಿ.ಮೀ. ಗೀಟುಗಳಿರುವ ಸಪೂರ ಕಡ್ಡಿಯನ್ನು ವಸಡಿನೊಳಗೆ ಇಳಿಸಿದರು. ಮೂಳೆಗೆ ತಾಗಿ ನಿಂತ ಕಡೆ ಗೀಟು ಎಣಿಸಿದರು. ಒಂದೊಂದು ಹಲ್ಲಿಗೂ ಹೀಗೇ. ಈ ಅಳತೆ ಮಾಡದೆ "ಲೇಸರ್‌ನಲ್ಲಿ ಅರ್ಧ ಗಂಟೆ ಸಾಕು" ಅನ್ನುವವರಿದ್ದರೆ, ದಯವಿಟ್ಟು ಎದ್ದು ಬನ್ನಿ.

ವಸಡು ಕಾಣಲು ಕಾರಣ ಯಾವಾಗಲೂ ವಸಡೇ ಆಗಿರಬೇಕಿಲ್ಲ. ಮೇಲ್ದವಡೆ ಉದ್ದ ಇರಬಹುದು. ನಕ್ಕಾಗ ತುಟಿ ಜಾಸ್ತಿ ಮೇಲೇರಬಹುದು. ಅದಕ್ಕೆಲ್ಲ ಚಿಕಿತ್ಸೆಯೇ ಬೇರೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್, ಬಿಪಿಗೆ ಕೊಡುವ ಅಮ್ಲೋಡಿಪಿನ್ ಮಾತ್ರೆಗಳಿಂದಲೂ ಕೆಲವರಿಗೆ ವಸಡು ದಪ್ಪವಾಗುತ್ತದೆ. ಮಾತ್ರೆಯ ವಿಷಯ ಡಾಕ್ಟರಿಗೆ ಹೇಳಿ, ನೀವಾಗಿಯೇ ನಿಲ್ಲಿಸಬೇಡಿ. ನಕ್ಕಾಗ 1–2 ಮಿ.ಮೀ. ವಸಡು ಕಾಣುವುದಂತೂ ತೀರಾ ಮಾಮೂಲು.

ಇನ್ನೊಂದು ಮಾತು. ಕಪ್ಪು ವಸಡನ್ನು ಗುಲಾಬಿ ಮಾಡುವುದು ಬೇರೆ ಕೆಲಸ, ಅದರ ಹೆಸರು ಡಿಪಿಗ್ಮೆಂಟೇಶನ್. ನಮ್ಮ ಕಡೆ ಎಷ್ಟೋ ಜನರ ವಸಡು ಹುಟ್ಟಿನಿಂದಲೇ ಕಪ್ಪು. ಚರ್ಮಕ್ಕೆ ಬಣ್ಣ ಕೊಡುವ ಮೆಲನಿನ್ನೇ ಅಲ್ಲೂ ಇರುವುದು. ಅದು ರೋಗವಲ್ಲ. ತೆಗೆಸಿದರೂ ಬಣ್ಣ ಮತ್ತೆ ಬರಬಹುದು. ಮದುವೆಗೆ ಮುಂಚೆ ಹೆಣ್ಣುಮಕ್ಕಳನ್ನು ಇದಕ್ಕೆ ಒತ್ತಾಯ ಮಾಡುವುದು ನನಗೆ ನಿಜಕ್ಕೂ ಬೇಸರ.

ಇದನ್ನೆಲ್ಲ ನೋಡುವ ತಜ್ಞರಿಗೆ ಪೆರಿಯೊಡಾಂಟಿಸ್ಟ್ ಅನ್ನುತ್ತಾರೆ. ವಿಕ್ಟೋರಿಯಾ ಆಸ್ಪತ್ರೆ ಹತ್ತಿರದ ಸರ್ಕಾರಿ ದಂತ ಕಾಲೇಜಿನಲ್ಲೂ ಇದ್ದಾರೆ. ಹೊಲಿಗೆಯನ್ನು ಒಂದು ವಾರ, ಹತ್ತು ದಿನಕ್ಕೆ ಬಿಚ್ಚುತ್ತಾರೆ. ತಣ್ಣೀರು ಕುಡಿದರೆ ಕೆಲವು ದಿನ ಜುಮ್ಮೆನ್ನುತ್ತದೆ. ವಸಡಿನ ಅಂಚು ಒಂದು ಕಡೆ ನಿಲ್ಲಲು ಮೂರು ತಿಂಗಳಾದರೂ ಬೇಕು, ಕೆಲವರಿಗೆ ಆರು. ಅದಕ್ಕೇ ನಮ್ಮ ಹುಡುಗಿ ಛತ್ರ ಬುಕ್ ಮಾಡುವ ಮುಂಚೆ ಡಾಕ್ಟರಿಗೆ ಫೋನ್ ಮಾಡಿ ತಾರೀಖು ಕೇಳಿದಳು.